ಮೊಮ್ಮಗನ ಕಂಪ್ಯೂಟರಿಗೆ ಹೊತ್ತಿನ ಕಟ್ಟು: ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಬಳಸಿ ಕಂಡದ್ದು

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದು, ಅದರ ಮುಂದೆ ಕೂರುವ ಹದಿಹರೆಯದ ಹುಡುಗನೋ ಹುಡುಗಿಯೋ ಇದ್ದರೆ, ಮಕ್ಕಳ ಕಂಪ್ಯೂಟರ್ ಬಳಕೆಗೆ ಮಿತಿ ಹಾಕುವ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ ಎಂಬ ಸಾಫ್ಟ್‌ವೇರನ್ನು ಹಾಕಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಹಾಕಿಕೊಳ್ಳುವುದು ವೇಳೆಯ ಲೆಕ್ಕಕ್ಕೆ. ಕೆಟ್ಟ ಸೈಟುಗಳನ್ನು ತಡೆಯುವ ಕೆಲಸವನ್ನು ಪೂರ್ತಿ ಅದರ ಮೇಲೆ ಬಿಡಬೇಡಿ, ಅದಕ್ಕೆ ಮನೆಗೆಲ್ಲ ಇಂಟರ್ನೆಟ್ ಹಂಚುವ ಪೆಟ್ಟಿಗೆಯಲ್ಲಿ, ಅಂದರೆ ರೌಟರಿನಲ್ಲಿ, ಬೇರೆ ಏರ್ಪಾಡು ಬೇಕು. ಇನ್ನು ಮಕ್ಕಳಿಗೆ ಗೊತ್ತಾಗದ ಹಾಗೆ ಅವರ ಪರದೆಯ ಚಿತ್ರ ತೆಗೆದು ನಿಮಗೆ ಕಳಿಸುವ ಸಾಫ್ಟ್‌ವೇರುಗಳಿವೆಯಲ್ಲ, ಅವನ್ನು ಯಾರು ಹೇಳಿದರೂ ಕೊಳ್ಳಬೇಡಿ.

ನಾನು ಧಾರವಾಡದ ಕಡೆಯವನು. ಮುಂಬೈ ಟೆಲಿಫೋನ್ಸ್‌ಗೆ ಸೇರಿ, 1986ರಲ್ಲಿ ಅದು ಎಂಟಿಎನ್‌ಎಲ್ ಆದ ಮೇಲೂ ಅಲ್ಲೇ ಮುಂದುವರಿದು, 2020ರ ಜನವರಿ 31ರಂದು ಸ್ವಯಂನಿವೃತ್ತಿ ಪಡೆದ ಸಾವಿರಾರು ನೌಕರರಲ್ಲಿ ಒಬ್ಬನಾಗಿ ಹೊರಬಂದೆ. ಈಗ ಮುಲುಂಡ್ ಪೂರ್ವದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಮರಳುವುದು ರಾತ್ರಿಯೇ. ಮೊಮ್ಮಗ ಹತ್ತನೆಯ ತರಗತಿ. ಶಾಲೆಯಿಂದ ಬಂದವನಿಗೆ ಊಟ ಬಡಿಸುವುದು ನನ್ನ ಹೆಂಡತಿ, ಕಂಪ್ಯೂಟರಿನ ಉಸ್ತುವಾರಿ ನನ್ನದು. ಹೀಗಾಗಿ ಈ ವಿಮರ್ಶೆಯನ್ನು ತಂದೆತಾಯಿಯ ಬದಲು ಅಜ್ಜ ಬರೆಯುತ್ತಿದ್ದೇನೆ. ಮುಂಬೈಯಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರು ಬಹಳ ಜನ. ಈ ವಿಷಯದಲ್ಲಿ ಅವರಿಗೆ ಯಾರೂ ಏನೂ ತಿಳಿಸಿಕೊಡುವುದಿಲ್ಲ ಎಂಬುದೂ ಇದನ್ನು ಬರೆಯಲು ಒಂದು ಕಾರಣ.

ನನ್ನ ಇಲಾಖೆಯ ಒಂದು ಹಳೆಯ ಸಂಗತಿ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಈ ಸಾಫ್ಟ್‌ವೇರನ್ನು ನಾನು ಅಳೆದದ್ದು ಅದೇ ಕೋಲಿನಿಂದ. ತಿರುಗಿಸುವ ಡಯಲ್ ಇದ್ದ ಕಾಲದಲ್ಲಿ ಬಿಲ್ಲಿನ ಭಯಕ್ಕೆ ಜನ ಡಯಲಿನ ತೂತಿಗೆ ಒಂದು ಸಣ್ಣ ಬೀಗ ಹಾಕುತ್ತಿದ್ದರು. ಬೆರಳು ಹಾಕಿ ತಿರುಗಿಸಲು ಆಗಬಾರದೆಂದು. ಆದರೆ ಡಯಲ್ ಮಾಡುವ ಕೆಲಸ ಇಷ್ಟೇ: ಲೈನನ್ನು ಕ್ಷಣಕ್ಷಣ ಕಡಿದು ಜೋಡಿಸುವುದು. ಮೂರು ಸಲ ಕಡಿದರೆ ಮೂರು, ಹತ್ತು ಸಲ ಕಡಿದರೆ ಸೊನ್ನೆ. ರಿಸೀವರ್ ಇಡುವ ಜಾಗದ ಗುಂಡಿಯನ್ನು ಅದೇ ಲಯದಲ್ಲಿ ಬೆರಳಿನಿಂದ ಬಡಿದರೂ ಕರೆಗಳನ್ನು ಜೋಡಿಸುವ ಟೆಲಿಫೋನ್ ಎಕ್ಸ್‌ಚೇಂಜಿಗೆ ಅದೇ ಸಂಕೇತ ಹೋಗುತ್ತದೆ. ಬುದ್ಧಿವಂತ ಹುಡುಗರು ಇದನ್ನು ಕಂಡುಹಿಡಿದಿದ್ದರು. ಬೀಗ ಹಾಗೇ ಇರುತ್ತಿತ್ತು, ಎಸ್‌ಟಿಡಿ ಕರೆ ಊರಿಗೆ ಮುಟ್ಟುತ್ತಿತ್ತು. ಮುಂದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದಾಗ ಬೀಗ ಫೋನಿನಿಂದ ಎಕ್ಸ್‌ಚೇಂಜಿಗೆ ಹೋಯಿತು: ಗ್ರಾಹಕನ ಗುಪ್ತಸಂಖ್ಯೆ ಇಲ್ಲದೆ ಎಸ್‌ಟಿಡಿ ತೆರೆಯುತ್ತಲೇ ಇರಲಿಲ್ಲ. ಯಾವುದೇ ತಡೆಯನ್ನು ನೋಡಿದಾಗ ನಾನು ಕೇಳುವ ಮೊದಲ ಪ್ರಶ್ನೆ, ಇದು ಡಯಲಿನ ಮೇಲಿನ ಬೀಗವೋ ಎಕ್ಸ್‌ಚೇಂಜಿನ ಬೀಗವೋ ಎಂಬುದು.

ಹುಡುಗರ ಕಂಪ್ಯೂಟರಿಗೆ ಜನ ಹಾಕುವ ತಡೆಗಳಲ್ಲಿ ಬಹಳಷ್ಟು ಡಯಲಿನ ಮೇಲಿನವು. ಕ್ರೋಮ್ ಬ್ರೌಸರಿಗೆ ಸೈಟು ತಡೆಯುವ ಒಂದು ಸೇರ್ಪಡೆ (ಬ್ಲಾಕರ್ ಎಕ್ಸ್‌ಟೆನ್ಷನ್) ಹಾಕುತ್ತಾರೆ. ಹುಡುಗ ಅದನ್ನು ಎರಡು ಕ್ಲಿಕ್ಕಿನಲ್ಲಿ ತೆಗೆಯುತ್ತಾನೆ, ಇಲ್ಲವೇ ಫೈರ್‌ಫಾಕ್ಸ್ ತೆರೆಯುತ್ತಾನೆ. ಸೈಟುಗಳ ವಿಳಾಸ ಬರೆದಿಡುವ ಹೋಸ್ಟ್ಸ್ ಎಂಬ ವಿಂಡೋಸ್ ಫೈಲಿನಲ್ಲಿ ತಡೆಯಬೇಕಾದ ಸೈಟಿನ ಹೆಸರು ಬರೆಯುತ್ತಾರೆ. ಹುಡುಗನ ಖಾತೆಯೇ ಎಲ್ಲ ಬದಲಾವಣೆಗೂ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆಯಾಗಿದ್ದರೆ ಆ ಸಾಲನ್ನು ಅವನೇ ಅಳಿಸಬಹುದು. ಮೊದಲ ಕೆಲಸ ಇದನ್ನು ಸರಿಪಡಿಸುವುದು: ಹುಡುಗನಿಗೆ ಸ್ಟ್ಯಾಂಡರ್ಡ್ ಯೂಸರ್ ಖಾತೆ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಿರಿಯರ ಹತ್ತಿರ. ಇದೊಂದನ್ನು ಮಾಡದೆ ಏನು ಹಾಕಿದರೂ ವ್ಯರ್ಥ. ಬಹಳ ಮನೆಗಳಲ್ಲಿ ಕಂಪ್ಯೂಟರ್ ತಂದ ದಿನ ಅಂಗಡಿಯವ ಮಾಡಿಕೊಟ್ಟ ಒಂದೇ ಖಾತೆಯಲ್ಲಿ ಎಲ್ಲರೂ ಕೂರುತ್ತಾರೆ, ಅದು ಅಡ್ಮಿನಿಸ್ಟ್ರೇಟರ್ ಖಾತೆಯೇ ಆಗಿರುತ್ತದೆ.

ಫ್ಯಾಮಿಲಿ ಸೇಫ್ಟಿ ಶುರುವಾಗುವುದೇ ಈ ಖಾತೆ ಬೇರ್ಪಡಿಸುವುದರಿಂದ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ಫ್ಯಾಮಿಲಿ. ಹುಡುಗನ ಹೆಸರಿನಲ್ಲಿ ಒಂದು ಮೈಕ್ರೋಸಾಫ್ಟ್ ಖಾತೆ ಬೇಕು, ಜನ್ಮದಿನಾಂಕ ಸರಿಯಾಗಿ ಕೊಡಬೇಕು. ಒಂದು ಕುಟುಂಬ ಗುಂಪಿನಲ್ಲಿ ಆರು ಜನರವರೆಗೆ ಇರಬಹುದು, ಮೇಲ್ವಿಚಾರಕರು ಒಬ್ಬರಿಗಿಂತ ಹೆಚ್ಚು ಇರಬಹುದು. ನಮ್ಮಲ್ಲಿ ಮಗಳು ಒಬ್ಬಳು, ನಾನೊಬ್ಬ. ಎರಡು ತಲೆಮಾರು ಸೇರಿ ಹುಡುಗನನ್ನು ಬೆಳೆಸುವ ಮನೆಗೆ ಇದು ತುಂಬ ಅನುಕೂಲ. ಇನ್ನಷ್ಟು ಹೊತ್ತು ಬೇಕೆಂಬ ಹುಡುಗನ ಕೋರಿಕೆ ಇಬ್ಬರಿಗೂ ಬರುತ್ತದೆ, ಇಬ್ಬರಲ್ಲಿ ಯಾರಾದರೂ ಉತ್ತರಿಸಬಹುದು. ಅವಳು ಘಾಟ್‌ಕೋಪರದ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರೂ ಫೋನಿನಲ್ಲೇ ನೋಡುತ್ತಾಳೆ.

ಇಷ್ಟನ್ನೂ ನಾವು ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಡಿದೆವು. ಏನೇನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಅವನಿಗೆ ತೋರಿಸಿದೆವು. ಸಿಟ್ಟು ಮಾಡಿದ. "ಅಜ್ಜಾ, ನನ್ನ ಮ್ಯಾಲ ಭರೋಸಾ ಇಲ್ಲೇನು ನಿಮಗ?" ಅಂದ. "ನಿನ್ನ ಮ್ಯಾಲ ಅದನೋ. ಆ ಆಟ ಮಾಡಿದವರ ಮ್ಯಾಲ ಇಲ್ಲ" ಅಂದೆ. ಅದು ಅವನನ್ನು ಸಮಾಧಾನಪಡಿಸಲು ಆಡಿದ ಮಾತಲ್ಲ. ಆಟ ಮಾಡುವ ಕಂಪನಿಯಲ್ಲಿ ಒಬ್ಬ ಹುಡುಗ ಇನ್ನೊಂದು ಸುತ್ತು ಕೂರಬೇಕೆಂದು ಸಂಬಳ ಪಡೆದು ಯೋಚಿಸುವವರು ಎಷ್ಟೋ ಜನ. ಈ ಕಡೆ ಹದಿನೈದರ ಒಬ್ಬ ಹುಡುಗ. ಈ ಜಗ್ಗಾಟದಲ್ಲಿ ಅವನ ಕಡೆ ನಿಲ್ಲಲು ಒಂದು ಕೈ ಬೇಕು ಎಂದಷ್ಟೇ ನನ್ನ ವಾದ.

ಈಗ ವೇಳೆಯ ವಿಷಯ. ಈ ಸಾಫ್ಟ್‌ವೇರಿನ ಜೀವಾಳ ಇದು. ಎರಡು ಬಗೆಯ ಮಿತಿಗಳಿವೆ: ಕಂಪ್ಯೂಟರಿಗೇ ಒಟ್ಟಾರೆ ಇಷ್ಟು ತಾಸು, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂಬುದು ಒಂದು, ಯಾವುದೋ ಒಂದು ಪ್ರೋಗ್ರಾಮಿಗೆ, ಆಟಕ್ಕೆ ಮಾತ್ರ ಇಷ್ಟು ಹೊತ್ತು ಎಂಬುದು ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನು ಬಿಗಿಮಾಡುತ್ತಾರೆ. ಹತ್ತನೆಯ ತರಗತಿಯ ಹುಡುಗನಿಗೆ ಅದು ಸರಿಹೋಗುವುದಿಲ್ಲ. ಕಂಪ್ಯೂಟರಿಗೆ ಓದೂ ಒಂದೇ, ಆಟವೂ ಒಂದೇ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ, ನಮ್ಮ ಹುಡುಗ ಭೂಮಿತಿಯ (ರೇಖಾಗಣಿತದ) ಲೆಕ್ಕಗಳನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡು ಬಿಡಿಸುತ್ತಾನೆ. (ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ತರುತ್ತದೆ. ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಶಾಲೆಯ ಮಕ್ಕಳು ಓದುವುದು ಅವನ್ನೇ. ಮುಂಬೈಯ ಕನ್ನಡ ಮನೆಗಳವರು ಒಮ್ಮೆ ತೆರೆದು ನೋಡಬೇಕು, ಅಜ್ಜಿ ಮೊಮ್ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಅಷ್ಟು ಉಪಯುಕ್ತ ಪುಸ್ತಕಗಳು.) ಒಟ್ಟು ಎರಡೇ ತಾಸು ಎಂದು ಕಟ್ಟಿಟ್ಟರೆ ಓದಿನ ನಡುವೆಯೇ ಪರದೆಗೆ ಬೀಗ ಬೀಳುತ್ತದೆ, ಓದೇ ಅವನಿಗೆ ದಂಡ ಅನ್ನಿಸುತ್ತದೆ.

ಆದ್ದರಿಂದ ಯಂತ್ರಕ್ಕೆ ಸಡಿಲ, ಆಟಕ್ಕೆ ಬಿಗಿ. ಕಂಪ್ಯೂಟರ್ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತೂವರೆಯವರೆಗೆ ತೆರೆದಿರುತ್ತದೆ. ಆಟಕ್ಕೆ ವಾರದ ದಿನಗಳಲ್ಲಿ ಒಂದು ತಾಸು, ಶನಿವಾರ ಭಾನುವಾರ ಎರಡೂವರೆ. ಇದನ್ನು ದಿನಕ್ಕೊಂದರಂತೆ ಬೇರೆ ಬೇರೆಯಾಗಿ ಹಾಕಬಹುದು. ಗಣೇಶ ಚತುರ್ಥಿ, ದೀಪಾವಳಿ ರಜೆಗೆ ಬದಲಿಸುವುದೂ ಸುಲಭ.

ಆದರೆ ಒಂದು ತಾಸು ಎಂಬ ಲೆಕ್ಕ ಆಟದ ಒಳಗಿನ ಲೆಕ್ಕಕ್ಕೆ ಕೂಡಿಬರಬೇಕು. ಮನೆಮನೆಯ ಜಗಳ ಹುಟ್ಟುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ನಮ್ಮ ಹುಡುಗ ಆಡುವುದು ವ್ಯಾಲರಂಟ್ ಎಂಬ ಬಂದೂಕಿನ ಆನ್‌ಲೈನ್ ಆಟ. ಅದರ ಸರ್ವರ್ ಮುಂಬೈಯಲ್ಲೇ ಇರುವುದರಿಂದ ಮುಂಬೈ ಹುಡುಗರಿಗೆ ಆಟ ತಡವರಿಸದೆ ಓಡುತ್ತದೆ, ಅದಕ್ಕೇ ಇಲ್ಲಿ ಅದರ ಹುಚ್ಚು ಜಾಸ್ತಿ. ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ನಿಯಮ ಕೇಳಿ ತಿಳಿದುಕೊಂಡೆ. ಐದೈದು ಜನರ ಎರಡು ತಂಡ. ಒಂದೊಂದು ರೌಂಡು ಹೆಚ್ಚೆಂದರೆ ಒಂದು ನಿಮಿಷ ನಲವತ್ತು ಸೆಕೆಂಡು, ಅದಕ್ಕೂ ಮೊದಲು ಆಯುಧ ಕೊಳ್ಳಲು ಅರ್ಧ ನಿಮಿಷ, ಬಾಂಬು ಇಟ್ಟರೆ ಇನ್ನಷ್ಟು. ಮೊದಲು ಹದಿಮೂರು ರೌಂಡು ಗೆದ್ದವರು ಪಂದ್ಯ ಗೆದ್ದಂತೆ. ಹನ್ನೆರಡು ಹನ್ನೆರಡು ಆದರೆ ಪಂದ್ಯ ಇನ್ನೂ ಬೆಳೆಯುತ್ತದೆ. ಅಂದರೆ ಶುರುಮಾಡುವಾಗ ಮುಗಿಯುವ ಹೊತ್ತು ಯಾರಿಗೂ ಗೊತ್ತಿಲ್ಲ. ಅರ್ಧ ತಾಸೂ ಆಗಬಹುದು, ಮುಕ್ಕಾಲು ತಾಸೂ ಆಗಬಹುದು. ನಡುವೆ ಬಿಟ್ಟು ಎದ್ದರೆ ಉಳಿದ ನಾಲ್ವರು ಒಬ್ಬನಿಲ್ಲದೆ ಆಡಬೇಕು, ಬಿಟ್ಟವನಿಗೆ ಆಟವೇ ದಂಡ ಹಾಕುತ್ತದೆ. "ಮಮ್ಮಿ ಒಂದs ನಿಮಿಷ" ಎಂದು ಹುಡುಗರು ಕೂಗುವುದು ಸುಳ್ಳು ನೆಪವಲ್ಲ ಎಂದು ನನಗೆ ಆಗ ತಿಳಿಯಿತು. ಅಲ್ಲಿ ಅವನ ಮಾತಿಗೆ ಕಾದಿರುವ ನಾಲ್ವರು ಗೆಳೆಯರಿದ್ದಾರೆ, ಅವರ ಎದುರು ಅವನ ಮರ್ಯಾದೆಯ ಪ್ರಶ್ನೆ ಇದೆ.

ಫ್ಯಾಮಿಲಿ ಸೇಫ್ಟಿಯ ಅತ್ಯುತ್ತಮ ಭಾಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊತ್ತು ಮುಗಿಯುವ ಮೊದಲು ಪರದೆಯ ಮೇಲೆ ಸೂಚನೆ ಬರುತ್ತದೆ. ಹುಡುಗ ಅಲ್ಲಿಂದಲೇ ಇನ್ನಷ್ಟು ಹೊತ್ತು ಕೇಳಬಹುದು. ಕೋರಿಕೆ ನಮ್ಮ ಫೋನಿಗೆ ಬರುತ್ತದೆ, ಎಷ್ಟು ಹೊತ್ತು ಎಂದು ಆರಿಸಿ ಒತ್ತಿದರೆ ಸಾಕು. ಕೇಳುವುದಕ್ಕೆ ಒಂದು ದಾರಿ ಇರುವುದು ಎಷ್ಟು ದೊಡ್ಡದು ಎಂದು ಬಳಸದವರಿಗೆ ಗೊತ್ತಾಗಲಿಕ್ಕಿಲ್ಲ. ಮೊದಲು ನಮ್ಮ ಮನೆಯಲ್ಲಿ ಸಂಜೆ ಎಂದರೆ ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಪಡಸಾಲೆಗೆ ಕೂಗಾಟ. ಹೆಂಡತಿ ಸ್ವಿಚ್ ಆರಿಸಿಬಿಡುತ್ತೇನೆ ಅನ್ನುವುದು, ಅವನು ಹೆಡ್‌ಫೋನು ಕಿತ್ತೆಸೆಯುವುದು. ಈಗ ಅವನು ಕೋರಿಕೆ ಕಳಿಸುತ್ತಾನೆ, ಜೊತೆಗೆ ಬಾಯಲ್ಲೂ ಹೇಳುತ್ತಾನೆ: "ಅಜ್ಜಾ, ಹನ್ನೊಂದು ಹತ್ತು ಆಗೇದ, ಹತ್ತು ನಿಮಿಷದಾಗ ಮುಗೀತದ." ಹನ್ನೊಂದು ಹತ್ತು ಎಂದರೆ ನನಗೂ ಅರ್ಥವಾಗುತ್ತದೆ. ಕೊಡುತ್ತೇನೆ. ನಮ್ಮಲ್ಲಿ ಆಗಿರುವ ಒಪ್ಪಂದ ಹೀಗೆ: ಮಿತಿ ಮುಗಿಯಲು ಅರ್ಧ ತಾಸಿಗಿಂತ ಕಡಿಮೆ ಇದ್ದರೆ ಹೊಸ ಪಂದ್ಯ ಶುರುಮಾಡುವಂತಿಲ್ಲ; ಮೊದಲೇ ಶುರುವಾದ ಪಂದ್ಯಕ್ಕೆ ಕೇಳಿದರೆ ನಾವು ಇಲ್ಲ ಅನ್ನುವಂತಿಲ್ಲ. ಎರಡನೆಯ ಷರತ್ತು ಹಾಕಿದವನು ಅವನು. ನ್ಯಾಯವಾದ ಷರತ್ತು.

ಯೂಟ್ಯೂಬಿನ ಮಟ್ಟಿಗೆ ಈ ಕಟ್ಟು ನಡೆಯುವುದಿಲ್ಲ. ಅದು ಪ್ರತ್ಯೇಕ ಪ್ರೋಗ್ರಾಮಲ್ಲ, ಬ್ರೌಸರಿನೊಳಗಿನ ಒಂದು ಸೈಟು. ಬ್ರೌಸರಿಗೆ ಹೊತ್ತು ಕಟ್ಟಬಹುದು, ಸೈಟನ್ನು ಪೂರ್ತಿ ಮುಚ್ಚಬಹುದು. ಇಂಥ ಸೈಟಿಗೆ ದಿನಕ್ಕೆ ಅರ್ಧ ತಾಸು ಎನ್ನುವ ಅನುಕೂಲ ಇದರಲ್ಲಿಲ್ಲ. ಇದು ದೊಡ್ಡ ಕೊರತೆ. ಬೀಜಗಣಿತದ ಪಾಠವೂ ಅಲ್ಲೇ, ಶಾರ್ಟ್ಸ್ ಎಂಬ ಕೊನೆಯಿಲ್ಲದ ಸರಪಳಿಯೂ ಅಲ್ಲೇ. ಯೂಟ್ಯೂಬಿನ ರಿಸ್ಟ್ರಿಕ್ಟೆಡ್ ಮೋಡ್ ಹಾಕಿದ್ದೇವೆ, ಅದು ವಯಸ್ಕರಿಗಾಗಿ ಇರುವ ವಿಡಿಯೋಗಳನ್ನು ಸಾಕಷ್ಟು ಮರೆಮಾಡುತ್ತದೆ, ಕಾಮೆಂಟುಗಳೂ ಕಾಣುವುದಿಲ್ಲ. ಹೊತ್ತು ಕಳೆಯುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ನಮ್ಮ ಉಪಾಯ ಒಂದೇ: ಕಂಪ್ಯೂಟರ್ ಪಡಸಾಲೆಯಲ್ಲಿದೆ, ಪರದೆ ನಾವು ಕೂರುವ ಕಡೆಗೆ ತಿರುಗಿದೆ. ಮುಂಬೈಯ ಇಕ್ಕಟ್ಟಿನ ಮನೆ ಈ ವಿಷಯದಲ್ಲಿ ಒಳ್ಳೆಯದನ್ನೇ ಮಾಡಿದೆ.

ಇನ್ನು ಕೆಟ್ಟ ಸೈಟುಗಳ ಫಿಲ್ಟರ್. ಫ್ಯಾಮಿಲಿ ಸೇಫ್ಟಿಯ ಫಿಲ್ಟರ್ ಕೆಲಸ ಮಾಡುವುದು ಮೈಕ್ರೋಸಾಫ್ಟಿನದೇ ಆದ ಎಡ್ಜ್ ಬ್ರೌಸರಿನಲ್ಲಿ. ಫಿಲ್ಟರ್ ಹಾಕಿದರೆ ಸಾಮಾನ್ಯ ಬಳಕೆಯ ಬೇರೆ ಬ್ರೌಸರುಗಳನ್ನು ಅದು ತಡೆದುಬಿಡುತ್ತದೆ. ಶಾಲೆಯವರು ಗೂಗಲ್ ಕ್ಲಾಸ್‌ರೂಮ್ ಎಂದರೆ ಮಕ್ಕಳು ಕ್ರೋಮ್ ಬೇಕೇ ಬೇಕು ಅನ್ನುತ್ತಾರೆ, ಆದರೆ ಅದು ಎಡ್ಜಿನಲ್ಲೂ ತೆರೆಯುತ್ತದೆ, ಅಷ್ಟಕ್ಕಾಗಿ ಜಗಳ ಬೇಡ. ಬಿಂಗ್ ಹುಡುಕಾಟಕ್ಕೆ ಅಶ್ಲೀಲ ಫಲಿತಾಂಶಗಳನ್ನು ಮರೆಮಾಡುವ ಸೇಫ್‌ಸರ್ಚ್ ತಾನಾಗಿ ಬೀಳುತ್ತದೆ, ಕುರುಹು ಉಳಿಸದ ಇನ್‌ಪ್ರೈವೇಟ್ ಕಿಟಕಿ ಮುಚ್ಚಿಹೋಗುತ್ತದೆ. ಇಷ್ಟರಮಟ್ಟಿಗೆ ಸರಿ.

ಒಪ್ಪಿಗೆ ಕೊಟ್ಟ ಸೈಟುಗಳು ಮಾತ್ರ ತೆರೆಯಲಿ ಎಂಬ ಇನ್ನೊಂದು ಆಯ್ಕೆಯೂ ಇದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಅದು ಸೊಗಸು. ಹದಿನೈದರವರಿಗೆ ಹಾಕಬೇಡಿ. ಮಹಾರಾಷ್ಟ್ರ ಬೋರ್ಡಿನ ಹತ್ತನೆಯ ತರಗತಿಯ ವಿಜ್ಞಾನ ಎರಡನೆಯ ಭಾಗದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಹುಡುಗ ಅದರ ಬಗ್ಗೆ ನಾಲ್ಕು ಕಡೆ ಹುಡುಕಿ ಓದಬೇಕಾದ ವಯಸ್ಸು ಇದು. ಪ್ರತಿ ಪುಟಕ್ಕೂ ಅಜ್ಜನ ಅನುಮತಿ ಕೇಳಬೇಕಾದರೆ ಯಾವ ಹುಡುಗ ಕೇಳುತ್ತಾನೆ? ಕೇಳುವುದಿಲ್ಲ. ಗೆಳೆಯನ ಫೋನಿನಲ್ಲಿ, ಕೆಟ್ಟ ಜಾಗದಿಂದ, ಅರ್ಧಂಬರ್ಧ ತಿಳಿದುಕೊಳ್ಳುತ್ತಾನೆ. ಅಶ್ಲೀಲವನ್ನು ತಡೆಯುವುದು ಬೇರೆ, ದೇಹದ ಬಗೆಗಿನ ತಿಳಿವಳಿಕೆಯನ್ನು ತಡೆಯುವುದು ಬೇರೆ. ಎರಡನ್ನೂ ಒಂದೇ ಬಾಗಿಲಿನ ಹಿಂದೆ ಹಾಕುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹೀಗಾಗಿ ಅಶ್ಲೀಲ ಮತ್ತು ವೈರಸ್ ಸೈಟುಗಳ ತಡೆಯನ್ನು ನಾನು ರೌಟರಿಗೆ ಒಯ್ದೆ. ನನ್ನ ಭಾಷೆಯಲ್ಲಿ ಎಕ್ಸ್‌ಚೇಂಜಿನ ಬೀಗ ಇದು. ಯಾವುದೇ ಸೈಟು ತೆರೆಯುವ ಮೊದಲು ಕಂಪ್ಯೂಟರ್ ಆ ಹೆಸರಿನ ವಿಳಾಸ ಏನು ಎಂದು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ನಾವು 197ಕ್ಕೆ ಫೋನು ಮಾಡಿ ನಂಬರ್ ಕೇಳುತ್ತಿದ್ದೆವಲ್ಲ, ಆ ಕೆಲಸ. ಕೇಳಿದ ಹೆಸರು ಅಶ್ಲೀಲ ಸೈಟಿನದಾಗಿದ್ದರೆ ಕೆಲವು ಡಿಎನ್‌ಎಸ್ ಸೇವೆಗಳು ವಿಳಾಸ ಕೊಡುವುದಿಲ್ಲ. ಕ್ಲೌಡ್‌ಫ್ಲೇರ್ ಕಂಪನಿ 2020ರ ಏಪ್ರಿಲ್ 1ರಂದು ಕುಟುಂಬಗಳಿಗಾಗಿ ಇಂಥದನ್ನು ಉಚಿತವಾಗಿ ತೆರೆಯಿತು: 1.1.1.2 ಎಂದು ಕೊಟ್ಟರೆ ವೈರಸ್ ಸೈಟುಗಳಿಗೆ ಮಾತ್ರ ತಡೆ, 1.1.1.3 ಎಂದು ಕೊಟ್ಟರೆ ಅಶ್ಲೀಲಕ್ಕೂ ತಡೆ. ಎರಡನೆಯ ಸಾಲಿನಲ್ಲಿ 1.0.0.3 ಎಂದು ಬರೆಯಬೇಕು. ಓಪನ್‌ಡಿಎನ್‌ಎಸ್‌ನ ಫ್ಯಾಮಿಲಿಶೀಲ್ಡ್ ಇನ್ನೂ ಹಳೆಯದು, 208.67.222.123 ಮತ್ತು 208.67.220.123. ನಾವು ಬಳಸುವುದು ಕ್ಲೌಡ್‌ಫ್ಲೇರ್. ರೌಟರಿನ ಪುಟ ಸಾಮಾನ್ಯವಾಗಿ 192.168.1.1 ಅಥವಾ 192.168.0.1ರಲ್ಲಿ ತೆರೆಯುತ್ತದೆ, ಅಲ್ಲಿ ಡಿಎನ್‌ಎಸ್ ಎಂಬಲ್ಲಿ ಈ ಅಂಕಿಗಳನ್ನು ತುಂಬಿದರೆ ಮನೆಯ ಟಿವಿ, ಫೋನು, ಕಂಪ್ಯೂಟರು ಎಲ್ಲಕ್ಕೂ ಅನ್ವಯ. ರೌಟರಿನ ಬೆನ್ನ ಮೇಲೆ ಅಚ್ಚಾಗಿರುವ ಪಾಸ್‌ವರ್ಡನ್ನು ಅದೇ ದಿನ ಬದಲಿಸಿ.

ನಮ್ಮ ಕಟ್ಟಡಕ್ಕೆ ಇಂಟರ್ನೆಟ್ ಕೊಡುವವರ ರೌಟರಿನಲ್ಲಿ ಡಿಎನ್‌ಎಸ್ ಬದಲಿಸಲು ಅವಕಾಶವಿರಲಿಲ್ಲ, ಅದರ ಪಾಸ್‌ವರ್ಡ್ ಕೇಳಿದರೆ ಅವರು ಕೊಡಲೂ ಇಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಿಂದ ನಮ್ಮದೇ ಒಂದು ರೌಟರ್ ತಂದು ಅವರದರ ಹಿಂದೆ ಜೋಡಿಸಿ, ಅವರ ಪೆಟ್ಟಿಗೆಯ ವೈಫೈಯನ್ನು ಆರಿಸಿಸಿದೆ. ನಿಮ್ಮಲ್ಲೂ ಹೀಗಿದ್ದರೆ ಇದೇ ದಾರಿ.

ಇದರ ಮಿತಿಗಳನ್ನೂ ತಿಳಿದಿರಬೇಕು. ಡಿಎನ್‌ಎಸ್ ನೋಡುವುದು ಸೈಟಿನ ಹೆಸರನ್ನು ಮಾತ್ರ, ಒಳಗಿನ ಪುಟವನ್ನಲ್ಲ. ಯೂಟ್ಯೂಬಿನ ಯಾವ ವಿಡಿಯೋ, ಹುಡುಗರು ಹರಟುವ ಡಿಸ್ಕಾರ್ಡಿನ ಯಾವ ಕೋಣೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹೆಸರುಗಳ ಪಟ್ಟಿ ಮಾಡುವುದರಲ್ಲೂ ತಪ್ಪಾಗುತ್ತದೆ: ಕ್ಲೌಡ್‌ಫ್ಲೇರಿನ ಈ ಸೇವೆ ಶುರುವಾದಾಗ ಲೈಂಗಿಕ ಅಲ್ಪಸಂಖ್ಯಾತರ ಮಾಹಿತಿ ಸೈಟುಗಳೂ ತಡೆಗೊಳಗಾಗಿ, ಕಂಪನಿ ಕ್ಷಮೆ ಕೇಳಿ ಸರಿಪಡಿಸಿತು. ಇವತ್ತಿನ ಬ್ರೌಸರುಗಳಿಗೆ ಹೆಸರು ಕೇಳುವ ಕೆಲಸವನ್ನೇ ಗೂಢಲಿಪಿಯಲ್ಲಿ ಬೇರೊಂದು ಸರ್ವರಿಗೆ ನೇರವಾಗಿ ಕಳಿಸುವ ಸೆಟ್ಟಿಂಗ್ ಇದೆ, ಸೆಕ್ಯೂರ್ ಡಿಎನ್‌ಎಸ್ ಎಂದು ಅದರ ಹೆಸರು. ಅದರಲ್ಲಿ ಬೇರೆ ಕಂಪನಿಯನ್ನು ಆರಿಸಿದರೆ ರೌಟರಿನಲ್ಲಿ ನಾವು ಬರೆದದ್ದಕ್ಕೆ ಬೆಲೆಯಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ ಮೊಬೈಲ್ ಹಾಟ್‌ಸ್ಪಾಟ್: ಅಪ್ಪನ ಫೋನಿನ ಡೇಟಾ ತೆರೆದು ಕಂಪ್ಯೂಟರನ್ನು ಅದಕ್ಕೆ ಜೋಡಿಸಿದರೆ ಮನೆಯ ರೌಟರಿಗೆ ಸುದ್ದಿಯೇ ಇರುವುದಿಲ್ಲ. ಆಗಲೂ ಫ್ಯಾಮಿಲಿ ಸೇಫ್ಟಿಯ ವೇಳಾಪಟ್ಟಿ, ಎಡ್ಜಿನ ಫಿಲ್ಟರ್ ಖಾತೆಯ ಜೊತೆಗೇ ಇರುತ್ತವೆ. ಆ ಕಡೆ, ಪೆನ್‌ಡ್ರೈವಿನಲ್ಲಿ ವಿಂಡೋಸ್ ಬದಲಿನ ಲಿನಕ್ಸ್ ಹಾಕಿ ಕಂಪ್ಯೂಟರ್ ಶುರುಮಾಡಿದರೆ ಖಾತೆಯ ಕಟ್ಟು ಬಿಟ್ಟುಹೋಗುತ್ತದೆ, ರೌಟರಿನದು ಉಳಿಯುತ್ತದೆ. ಕಂಪ್ಯೂಟರ್ ಹಚ್ಚಿದಾಗ ಮೊದಲು ಓಡುವ ಬಯೋಸಿಗೆ ಪಾಸ್‌ವರ್ಡ್ ಹಾಕಿದರೆ ಅದಕ್ಕೂ ತಡೆ. ಎರಡೂ ಬೇಕು ಎಂದು ನಾನು ಹೇಳುವುದು ಇದಕ್ಕೇ; ಒಂದು ಸೋತಲ್ಲಿ ಇನ್ನೊಂದು ನಿಲ್ಲುತ್ತದೆ. ಎರಡನ್ನೂ ದಾಟುವಷ್ಟು ಕಲಿತ ಹುಡುಗನ ಜೊತೆ ಕೂತು ಮಾತಾಡುವುದೇ ಸರಿ, ಮೂರನೆಯ ಬೀಗ ಹುಡುಕುವುದಲ್ಲ.

ದುಡ್ಡಿನ ಬಗ್ಗೆ ಒಂದು ಎಚ್ಚರಿಕೆ. ಕೊಳ್ಳುವ ಮೊದಲು ಕೇಳಬೇಕು ಎಂಬ ಕಟ್ಟು ಫ್ಯಾಮಿಲಿ ಸೇಫ್ಟಿಯಲ್ಲಿದೆ, ಆದರೆ ಅದು ಮೈಕ್ರೋಸಾಫ್ಟ್ ಸ್ಟೋರಿಗೆ ಮಾತ್ರ. ವ್ಯಾಲರಂಟ್ ಉಚಿತ ಆಟ, ಅದರೊಳಗಿನ ಬಂದೂಕಿನ ಬಣ್ಣಗಳಿಗೆ ದುಡ್ಡು, ಆ ಅಂಗಡಿ ಬೇರೆಯವರದು. ಯುಪಿಐ ಪಿನ್ ಮಕ್ಕಳಿಗೆ ಗೊತ್ತಿರಬಾರದು, ಅಷ್ಟೇ.

ಈಗ ಗುಪ್ತವಾಗಿ ನೋಡುವ ಸಾಫ್ಟ್‌ವೇರುಗಳ ಮಾತು. ರೌಟರ್ ಕೊಂಡ ಅಂಗಡಿಯಲ್ಲೇ ಒಬ್ಬರು ಅಂಥದೊಂದನ್ನು ವರ್ಷದ ಚಂದಾಕ್ಕೆ ಕೊಡುತ್ತೇನೆಂದು ಮುಂದೆ ಬಂದರು. ಮಗುವಿಗೆ ಗೊತ್ತೇ ಆಗುವುದಿಲ್ಲ ಎಂಬುದೇ ಅವರ ಹೊಗಳಿಕೆ. ಒತ್ತಿದ ಪ್ರತಿ ಕೀಲಿ ದಾಖಲಾಗುತ್ತದೆ, ಆಗಾಗ ಪರದೆಯ ಚಿತ್ರ ತೆಗೆಯುತ್ತದೆ, ಎಲ್ಲವೂ ಯಾವುದೋ ಸರ್ವರಿಗೆ ಹೋಗಿ ನಮ್ಮ ಫೋನಿನಲ್ಲಿ ಕಾಣುತ್ತದೆ. ನಾನು ಅವರನ್ನು ಕೇಳಿದ್ದು, ಅದೇ ಕಂಪ್ಯೂಟರಿನಲ್ಲಿ ನನ್ನ ಮಗಳು ಬ್ಯಾಂಕಿನ ಪಾಸ್‌ವರ್ಡ್ ಒತ್ತಿದರೆ ಅದೂ ಹೋಗುತ್ತದೆಯೋ ಇಲ್ಲವೋ ಎಂದು. ಹೋಗುತ್ತದೆ. ಅಷ್ಟು ಸಾಕಿತ್ತು, ಆದರೂ ನನ್ನ ನಿಜವಾದ ತಕರಾರು ಅದಲ್ಲ. ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವನು ನಾನು. ಲೈನ್ ಪರೀಕ್ಷೆ ಮಾಡುವಾಗ ಜನರ ಮಾತು ಕಿವಿಗೆ ಬೀಳುತ್ತಿತ್ತು, ಬಿದ್ದ ಕೂಡಲೇ ಪ್ಲಗ್ ತೆಗೆಯಬೇಕು. ನನ್ನ ಮೇಲಿನವರು ನನಗೆ ಮೊದಲ ವಾರದಲ್ಲಿ ಕಲಿಸಿದ್ದು ಅದನ್ನೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರನ್ನು ಮಕ್ಕಳೆಂದು ಕರೆದು, ಅವರ ನಡೆನುಡಿಯ ಜಾಡು ಹಿಡಿಯಬಾರದೆಂದು ಕಂಪನಿಗಳಿಗೆ ಹೇಳುತ್ತದೆ. ಕಾನೂನು ಕಂಪನಿಗಳಿಗೆ ಹೇಳಿದ್ದು ನಿಜ, ತಂದೆತಾಯಿಗಲ್ಲ. ಆದರೆ ಪರಕೀಯರು ಮಾಡಬಾರದ್ದನ್ನು ನಾವು ಬಾಗಿಲ ಸಂದಿಯಿಂದ ಮಾಡಿದರೆ ಹುಡುಗ ನಮ್ಮ ಹತ್ತಿರ ಬಂದು ಏನು ಹೇಳುತ್ತಾನೆ? ಡಿಸ್ಕಾರ್ಡಿನಲ್ಲಿ ಅಪರಿಚಿತನೊಬ್ಬ ಫೋಟೋ ಕಳಿಸು ಎಂದು ಕಾಡಿದರೆ, ಅವನು ಓಡಿಬರಬೇಕಾದದ್ದು ನಮ್ಮ ಹತ್ತಿರವೇ. ಆ ದಾರಿಗಿಂತ ದೊಡ್ಡ ಸುರಕ್ಷತೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಫ್ಯಾಮಿಲಿ ಸೇಫ್ಟಿಯಲ್ಲೂ ಚಟುವಟಿಕೆಯ ವರದಿ ಇದೆ: ಎಷ್ಟು ಹೊತ್ತು ಕೂತ, ಯಾವ ಪ್ರೋಗ್ರಾಮು, ಯಾವ ಸೈಟು, ಏನು ಹುಡುಕಿದ ಎಂದು ವಾರಕ್ಕೊಮ್ಮೆ ಇಮೇಲ್ ಬರುತ್ತದೆ. ಬೇಡವಾದರೆ ನಿಲ್ಲಿಸಬಹುದು. ನಾವು ನಿಲ್ಲಿಸಿಲ್ಲ, ಆದರೆ ಅದನ್ನು ತೆರೆಯುವುದು ಭಾನುವಾರ ಬೆಳಿಗ್ಗೆ, ಅವನೂ ಕೂತಿರುವಾಗ. ಹೊತ್ತಿನ ಲೆಕ್ಕ ನೋಡುತ್ತೇವೆ, ಹುಡುಕಿದ ಮಾತುಗಳ ಪಟ್ಟಿಗೆ ಹೋಗುವುದಿಲ್ಲ. ಯಾವ ದಿನ ಆಟ ಹೆಚ್ಚಾಯಿತು, ಯಾಕೆ ಎಂದು ಅವನೇ ಹೇಳುತ್ತಾನೆ. ಗಣಿತದ ಟೆಸ್ಟು ಕೆಟ್ಟ ದಿನ ಆಟ ಹೆಚ್ಚು ಎಂದು ಅವನ ತಾಯಿ ಕಂಡುಕೊಂಡದ್ದು ಹೀಗೆ. ಬೈದು ತಿಳಿಯುವ ವಿಷಯವಲ್ಲ ಅದು.

ಯಾರಿಗೆ ಇದು ಬೇಡ ಎಂಬುದನ್ನೂ ಹೇಳಬೇಕು. ಮ್ಯಾಕ್ ಇರುವವರಿಗೆ ಇದರಿಂದ ಉಪಯೋಗವಿಲ್ಲ, ಅವರಿಗೆ ಮ್ಯಾಕ್ ವ್ಯವಸ್ಥೆಯ 2019ರ ಆವೃತ್ತಿಯಾದ ಕ್ಯಾಟಲೀನಾದಿಂದ ಸ್ಕ್ರೀನ್ ಟೈಮ್ ಎಂಬುದು ಕಂಪ್ಯೂಟರಿನೊಳಗೇ ಇದೆ. ಆಂಡ್ರಾಯ್ಡ್ ಫೋನಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಇದೆ, ಆದರೆ ಅದರಿಂದ ವಿಂಡೋಸ್ ಕಂಪ್ಯೂಟರಿಗೆ ಹೊತ್ತು ಕಟ್ಟಲಾಗುವುದಿಲ್ಲ. ಇನ್ನೂ ವಿಂಡೋಸ್ 10 ಇಟ್ಟುಕೊಂಡವರು, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂದು ನೆನಪಿಟ್ಟು ಮೊದಲು ಆ ಕೆಲಸ ನೋಡಿಕೊಳ್ಳಿ. ಮಗುವಿನ ಲೊಕೇಶನ್ ಎಚ್ಚರಿಕೆಯಂಥ ದುಡ್ಡಿನ ಸೌಲಭ್ಯಗಳು ಮೈಕ್ರೋಸಾಫ್ಟ್ 365 ಫ್ಯಾಮಿಲಿಯಲ್ಲಿವೆ. ಮನೆಯ ಕಂಪ್ಯೂಟರಿಗೆ ಅವುಗಳ ಅಗತ್ಯವಿಲ್ಲ.

ಐದರಲ್ಲಿ ಅಂಕ ಕೊಡುವುದಾದರೆ ಹೊತ್ತಿನ ಕಟ್ಟಿಗೂ ಕೋರಿಕೆಯ ಏರ್ಪಾಡಿಗೂ ನಾಲ್ಕೂವರೆ, ಎಡ್ಜಿಗೆ ಸೀಮಿತವಾದ ಫಿಲ್ಟರಿಗೆ ಎರಡೂವರೆ, ರೌಟರಿನ 1.1.1.3ಕ್ಕೆ ನಾಲ್ಕು. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ ಮುಗಿದ ಕೂಡಲೇ ಆಟದ ಮಿತಿಯನ್ನು ತೆಗೆದುಹಾಕುವುದು, ರಾತ್ರಿಯ ಗಡುವನ್ನು ಹನ್ನೊಂದಕ್ಕೆ ಒಯ್ಯುವುದು ಎಂದು ಮಗಳು ಅವನಿಗೆ ಈಗಲೇ ಮಾತು ಕೊಟ್ಟಿದ್ದಾಳೆ. ಹನ್ನೊಂದನೆಯ ತರಗತಿಗೆ ಹೋದ ಮೇಲೆ ವೇಳಾಪಟ್ಟಿಯನ್ನು ಅವನೇ ಬರೆದು ತರಬೇಕು, ನಾವು ಸಹಿ ಹಾಕಬೇಕು. ಸಿಇಟಿ ಪ್ರವೇಶ ಪರೀಕ್ಷೆಯ ಓದಿಗೆ ಕೂತರೆ ಆಗ ಮತ್ತೆ ನೋಡುವುದು. ರೌಟರಿನ ಡಿಎನ್‌ಎಸ್ ಮಾತ್ರ ಹಾಗೇ ಇರುತ್ತದೆ. ಅದು ಮನೆಯ ಐದೂ ಜನರಿಗೆ ಒಂದೇ, ನನ್ನ ಫೋನೂ ಅದರಡಿಯಲ್ಲೇ ಇದೆ ಎಂದು ಅವನಿಗೆ ತೋರಿಸಿದ್ದೇನೆ.